ಕೂಡಿದ ಸಭೆಗಳೂ ಬೇರೆಯಾದ ಸಭೆಗಳೂ

ಬಂಗಾರಪೇಟೆಯ ಜಂಕ್ಷನ್ನಿನಿಂದ ಹೊರಟ ರೈಲು ಕೋರಮಂಡಲ, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪವನ್ನು ಮುಟ್ಟುವುದಕ್ಕೆ ಸುಮಾರು ಹತ್ತು ಮೈಲಿಗಳ ದಾರಿ. ಇಷ್ಟು ಅಲ್ಪವಾದ ಪ್ರದೇಶದಲ್ಲಿಯೇ ಮೆಥಡಿಸ್ಟ್ ಸಭೆಯೂ, ದಕ್ಷಿಣ ಇಂಡಿಯಾ ಸಭೆಯೂ, ರೋಮನ್ ಕಥೋಲಿಕ ಸಭೆಯೂ, ಇನ್ನಿತರ ಸಭೆಗಳೂ ನೆಲಸಿರುವುದು ನಮ್ಮ ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಈ ಸಭೆಗಳ ಹೆಣ್ಣುಮಕ್ಕಳು ಮಿಷನ್ ಶಾಲೆಗಳಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು, ಒಂದೇ ಸತ್ಯವೇದವನ್ನು ಓದಿ, ಒಂದೇ ಕೀರ್ತನೆಗಳನ್ನು ಹಾಡಿ ಬೆಳೆದವರು. ಯಾರು ಯಾವ ಸಭೆಯವರೆಂಬ ವಿಚಾರ ಶಾಲೆಯ ದಿನಗಳಲ್ಲಿ ಅಷ್ಟಾಗಿ ಬಾಧಿಸುವುದಿಲ್ಲ.

ಆದರೆ ವಿವಾಹದ ಮಾತು ಬಂದಾಗಲೂ, ಪರಸ್ಥಳದಲ್ಲಿ ಮನೆ ಹೂಡಿದಾಗಲೂ ಆ ಪ್ರಶ್ನೆ ಎದ್ದೇ ಏಳುತ್ತದೆ. ೨೦೦೧ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ತರುವಾಯ ಅನೇಕ ಕುಟುಂಬಗಳು ಬೆಂಗಳೂರಿಗೂ ದೂರದೇಶಗಳಿಗೂ ಹೋಗಿ ನೆಲಸಿವೆ. ಅಲ್ಲಿ ಕೆಲವು ದೇವಾಲಯಗಳ ಹಲಗೆಯ ಮೇಲೆ 'ಆಂಗ್ಲಿಕನ್' ಎಂದೂ, 'ಪಾರಂಪರಿಕ ಆಂಗ್ಲಿಕನ್' ಎಂದೂ ಬರೆದಿರುವುದನ್ನು ಕಾಣುವವರಿಗೆ ಸಂದೇಹ ಹುಟ್ಟುವುದು ಸಹಜ. ಇದು ನಮ್ಮ ಅಜ್ಜ ಅಜ್ಜಿಯರ ಸಭೆಯೇ, ಅಲ್ಲವೇ? ಅದೇ ಆಗಿದ್ದರೆ ಪ್ರತ್ಯೇಕವಾದ ಹೆಸರೇಕೆ? ನಮ್ಮ ಮಗಳು ಅಲ್ಲಿ ಪ್ರಭುಭೋಜನವನ್ನು ತೆಗೆದುಕೊಳ್ಳಬಹುದೇ? ಈ ಪ್ರಶ್ನೆಗಳಿಗೆ ಉತ್ತರವು ಇನ್ನೂರು ವರುಷಗಳಿಗೂ ಮೀರಿದ ಚರಿತ್ರೆಯಲ್ಲಿದೆ. ಅದನ್ನು ಸಾಧ್ಯವಾದಷ್ಟು ಸುಲಭವಾಗಿ ಇಲ್ಲಿ ವಿವರಿಸಲು ಯತ್ನಿಸುವೆವು.

ಆಂಗ್ಲಿಕನ್ ಸಭೆಯೆಂದರೆ ಇಂಗ್ಲೆಂಡಿನ ಸಭೆಯಿಂದ ಹುಟ್ಟಿ ನಾನಾ ದೇಶಗಳಲ್ಲಿ ಹರಡಿದ ಸಭೆ. ೧೮೮೮ರಲ್ಲಿ ಲ್ಯಾಂಬೆತ್ ಎಂಬಲ್ಲಿ ಕೂಡಿದ ಅದರ ಬಿಷಪರು, ಬೇರೆ ಸಭೆಗಳೊಂದಿಗೆ ಐಕ್ಯವಾಗಬೇಕಾದರೆ ನಾಲ್ಕು ವಿಷಯಗಳಲ್ಲಿ ಒಮ್ಮತವಿರಬೇಕೆಂದು ಗೊತ್ತುಮಾಡಿದರು. ಮೊದಲನೆಯದು ಸತ್ಯವೇದ, ಎರಡನೆಯದು ಅಪೊಸ್ತಲರ ವಿಶ್ವಾಸಪ್ರಮಾಣ ಮತ್ತು ನೈಸಿಯಾದ ವಿಶ್ವಾಸಪ್ರಮಾಣ, ಮೂರನೆಯದು ದೀಕ್ಷಾಸ್ನಾನ, ಪ್ರಭುಭೋಜನಗಳೆಂಬ ಎರಡು ಸಂಸ್ಕಾರಗಳು, ನಾಲ್ಕನೆಯದು ಪರಂಪರಾಗತವಾದ ಬಿಷಪರ ಪದವಿ. ಮೊದಲಿನ ಮೂರರ ವಿಷಯದಲ್ಲಿ ನಮ್ಮ ಪ್ರಾಂತದ ಪ್ರೊಟೆಸ್ಟೆಂಟ್ ಸಭೆಗಳಿಗೆ ಹೆಚ್ಚಿನ ಜಗಳವಿರಲಿಲ್ಲ. ನಾಲ್ಕನೆಯದೇ ತೊಡಕಿನ ಮೂಲ. ಸಭಾಪಾಲಕನ ತಲೆಯ ಮೇಲೆ ಯಾರು ಕೈಯಿಟ್ಟು ಅಭಿಷೇಕಿಸಬೇಕು? ಅಪೊಸ್ತಲರ ಕಾಲದಿಂದ ಕೈಯಿಂದ ಕೈಗೆ ಇಳಿದುಬಂದಿತೆಂದು ನಂಬುವ ಬಿಷಪರೇ ಆಗಬೇಕೇ, ಸಭೆಯ ಇತರ ಪಾಲಕರು ಕೈಯಿಟ್ಟರೂ ಸಾಲುವುದೇ? ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡರೆ ಮುಂದಿನ ಚರಿತ್ರೆಯೆಲ್ಲವೂ ತಿಳಿಯಾಗುತ್ತದೆ.

ಬಂಗಾರಪೇಟೆಯ ಕಡೆಯ ಮೆಥಡಿಸ್ಟ್ ಸಭೆಯ ಮೂಲವೂ ಇದೇ ಪ್ರಶ್ನೆಯಲ್ಲಿದೆಯೆಂಬುದು ಅನೇಕರಿಗೆ ಆಶ್ಚರ್ಯವಾಗಬಹುದು. ಜಾನ್ ವೆಸ್ಲಿಯವರು ಕಡೆಯ ಉಸಿರಿನವರೆಗೂ ಇಂಗ್ಲೆಂಡಿನ ಸಭೆಯ ಪಾಲಕರಾಗಿಯೇ ಇದ್ದವರು. ಆದರೆ ಅಮೆರಿಕೆಯಲ್ಲಿದ್ದ ತಮ್ಮ ಶಿಷ್ಯರಿಗೆ ಸಂಸ್ಕಾರಗಳನ್ನು ನಡೆಯಿಸುವ ಪಾಲಕರಿಲ್ಲದೆ, ಲಂಡನಿನ ಬಿಷಪರು ಅವರಿಗಾಗಿ ಯಾರನ್ನೂ ಅಭಿಷೇಕಿಸಲು ಒಪ್ಪದೆ ಹೋದುದರಿಂದ, ೧೭೮೪ರಲ್ಲಿ ವೆಸ್ಲಿಯವರು ತಾವೇ ಕೈಯಿಟ್ಟು ಥಾಮಸ್ ಕೋಕ್ ಎಂಬವರನ್ನು ಮೇಲ್ವಿಚಾರಕರನ್ನಾಗಿ ಕಳುಹಿಸಿದರು. ವೆಸ್ಲಿಯವರು ಬಿಷಪರಾಗಿರಲಿಲ್ಲ. ಆದುದರಿಂದ ಅಮೆರಿಕೆಯ ಮೆಥಡಿಸ್ಟರಲ್ಲಿ ಬಿಷಪರೆಂಬ ಹೆಸರಿದ್ದರೂ ಅದು ಪರಂಪರಾಗತವಾದುದಲ್ಲವೆಂಬುದು ಆಂಗ್ಲಿಕನರ ವಾದ. ಹಸಿದ ಮಂದೆಗೆ ಕುರುಬನನ್ನು ಒದಗಿಸುವುದೇ ಮುಖ್ಯವೆಂಬುದು ಮೆಥಡಿಸ್ಟರ ಉತ್ತರ. ೧೮೭೬ರಿಂದ ೧೮೭೮ರ ವರೆಗಿನ ಘೋರವಾದ ಕ್ಷಾಮದ ಕಾಲದಲ್ಲಿ ಕೋಲಾರದಲ್ಲಿ ಅನಾಥ ಮಕ್ಕಳನ್ನು ಸಲಹಿದ ಮಿಸ್ ಆನ್‌ಸ್ಟಿಯವರು ತಮ್ಮ ಕೆಲಸವನ್ನು ೧೮೯೦ರಲ್ಲಿ ಅಮೆರಿಕೆಯ ಈ ಮೆಥಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ಒಪ್ಪಿಸಿದರು. ಕೋಲಾರ, ಬಂಗಾರಪೇಟೆಗಳ ಕಡೆಯಲ್ಲಿ ಆ ಸಭೆ ಬೇರೂರಿದ್ದು ಹೀಗೆ.

ಚಿನ್ನದ ಗಣಿಯ ಪ್ರದೇಶದ ಸ್ಥಿತಿ ಬೇರೆಯಾಗಿತ್ತು. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯವರು ಕೆಲಸವನ್ನು ಕೈಗೊಂಡ ಮೇಲೆ ಇಂಗ್ಲಿಷ್ ಅಧಿಕಾರಿಗಳೂ, ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಕೆಲಸಗಾರರೂ, ಆಂಗ್ಲೋ-ಇಂಡಿಯನ್ ಕುಟುಂಬಗಳೂ, ತಮಿಳು ಜಿಲ್ಲೆಗಳಿಂದ ಕೂಲಿಗಾಗಿ ಬಂದ ಸಾವಿರಾರು ಜನರೂ ಇಲ್ಲಿ ಕೂಡಿದರು. ಕಾರ್ನ್‌ವಾಲಿನವರಲ್ಲಿ ಬಹುಮಂದಿ ಬ್ರಿಟನ್ನಿನ ವೆಸ್ಲಿಯನ್ ಮೆಥಡಿಸ್ಟರು. ಅಧಿಕಾರಿಗಳಲ್ಲಿ ಅನೇಕರು ಆಂಗ್ಲಿಕನರು. ಸಂತ ಮೈಕೇಲ್ ಮತ್ತು ಸರ್ವದೂತರ ದೇವಾಲಯವು ಆ ಆಂಗ್ಲಿಕನ್ ಕಾಲದ ಸ್ಮಾರಕವಾಗಿ ನಿಂತಿದೆ. ಆಗ ಮೈಸೂರು ಸೀಮೆಯ ಆಂಗ್ಲಿಕನರು ಮದರಾಸಿನ ಬಿಷಪರ ಆಡಳಿತಕ್ಕೆ ಸೇರಿದ್ದರು. ಇಂಡಿಯಾದ ಆಂಗ್ಲಿಕನ್ ಸಭೆಯು ಇಂಗ್ಲೆಂಡಿನ ರಾಜ್ಯಾಡಳಿತದ ಕಟ್ಟಿನಿಂದ ಬಿಡುಗಡೆಯಾಗಿ ಸ್ವತಂತ್ರವಾದುದು ೧೯೩೦ನೆಯ ಮಾರ್ಚಿ ೧ರಂದು. ತನ್ನ ಭವಿಷ್ಯವನ್ನು ತಾನೇ ನಿರ್ಣಯಿಸಿಕೊಳ್ಳುವ ಅಧಿಕಾರ ಅದಕ್ಕೆ ಆಗಲೇ ಬಂದುದು.

ಐಕ್ಯದ ಪ್ರಯತ್ನವಾದರೋ ಅದಕ್ಕೂ ಮುಂಚೆಯೇ ಪ್ರಾರಂಭವಾಗಿತ್ತು. ೧೯೧೯ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ೩೩ ಮಂದಿ ಪಾಲಕರು ಕೂಡಿ, ಚಿಕ್ಕ ಚಿಕ್ಕ ಗುಂಪುಗಳಾಗಿ ಒಡೆದುಹೋದ ಸಭೆಯು ಈ ದೇಶಕ್ಕೆ ಸಮಾಧಾನದ ಸುವಾರ್ತೆಯನ್ನು ಸಾರುವುದು ಹೇಗೆಂದು ಆಲೋಚಿಸಿದರು. ಅವರಲ್ಲಿ ಇಬ್ಬರ ಹೊರತು ಉಳಿದವರೆಲ್ಲರೂ ಇಂಡಿಯಾದವರೇ. ಆಂಗ್ಲಿಕನ್ ಸಭೆಯ ಪ್ರಥಮ ಇಂಡಿಯನ್ ಬಿಷಪರಾದ ವಿ. ಎಸ್. ಅಜರಾಯರು ಅವರಲ್ಲಿ ಪ್ರಮುಖರು. ೧೯೨೯ರಲ್ಲಿ ಐಕ್ಯದ ಯೋಜನೆ ಅಚ್ಚಾಯಿತು; ಪುನಃ ಪುನಃ ತಿದ್ದಲ್ಪಟ್ಟಿತು. ಮೆಥಡಿಸ್ಟರು ೧೯೪೩ರಲ್ಲಿ, ಆಂಗ್ಲಿಕನರ ಮಹಾಸಭೆ ೧೯೪೫ರ ಜನವರಿಯಲ್ಲಿ, ದಕ್ಷಿಣ ಇಂಡಿಯಾದ ಐಕ್ಯ ಸಭೆಯವರು ೧೯೪೬ರಲ್ಲಿ ಒಪ್ಪಿದರು. ೧೯೪೫ನೆಯ ಜನವರಿ ೧ರಂದೇ ತೀರಿಕೊಂಡ ಅಜರಾಯರು ಆ ಫಲವನ್ನು ಕಣ್ಣಾರೆ ಕಾಣಲಿಲ್ಲ. ೧೯೪೭ನೆಯ ಸೆಪ್ಟೆಂಬರ್ ೨೭ರಂದು ಮದರಾಸಿನ ಸಂತ ಜಾರ್ಜರ ಪ್ರಧಾನ ದೇವಾಲಯದಲ್ಲಿ ದಕ್ಷಿಣ ಇಂಡಿಯಾ ಸಭೆ ಸ್ಥಾಪಿತವಾಯಿತು. ಅದೇ ದಿನ ಒಂಬತ್ತು ಮಂದಿ ಹೊಸ ಬಿಷಪರ ಅಭಿಷೇಕವಾಯಿತು. ಮೈಸೂರಿನ ಬಿಷಪರಾದ ಪಿ. ಗುರುಶಾಂತರು ಅವರಲ್ಲೊಬ್ಬರು, ಅವರು ಮೆಥಡಿಸ್ಟ್ ಸಭೆಯಿಂದ ಬಂದವರು. ಗಣಿಪ್ರದೇಶದ ಆಂಗ್ಲಿಕನ್ ಸಭೆಯೂ ಈ ಐಕ್ಯ ಸಭೆಯ ಭಾಗವಾಯಿತು. ಈಗ ಅದು ಕರ್ನಾಟಕ ಸೆಂಟ್ರಲ್ ಸಭಾಪ್ರಾಂತಕ್ಕೆ ಸೇರಿದೆ.

ಈ ಐಕ್ಯದಲ್ಲಿ ತೊಡಕಿನ ಗಂಟು ಯಾವುದು? ಮುಂದೆ ಎಲ್ಲ ಪಾಲಕರಿಗೂ ಬಿಷಪರೇ ಅಭಿಷೇಕ ಮಾಡತಕ್ಕದ್ದೆಂದು ಎಲ್ಲರೂ ಒಪ್ಪಿದರು. ಆದರೆ ಆಗಲೇ ಸೇವೆಯಲ್ಲಿದ್ದ ಮೆಥಡಿಸ್ಟ್ ಮುಂತಾದ ಪಾಲಕರನ್ನು ಎರಡನೆಯ ಸಾರಿ ಅಭಿಷೇಕಿಸದೆ, ಇದ್ದಂತೆಯೇ ಪೂರ್ಣಾಧಿಕಾರವುಳ್ಳ ಪಾಲಕರೆಂದು ಅಂಗೀಕರಿಸಲಾಯಿತು. ಮೂವತ್ತು ವರುಷಗಳ ವರೆಗೆ ಎರಡು ಬಗೆಯ ಪಾಲಕರೂ ಒಟ್ಟಿಗೆ ಸೇವೆ ಮಾಡುವರು. ಆದರೆ ಯಾವ ಸಭೆಯ ಮೇಲೆಯೂ ಅದರ ಮನಸ್ಸಾಕ್ಷಿಗೆ ಒಪ್ಪದ ಪಾಲಕನನ್ನಾಗಲಿ ಆರಾಧನಾಕ್ರಮವನ್ನಾಗಲಿ ಬಲಾತ್ಕಾರವಾಗಿ ಹೇರತಕ್ಕದ್ದಲ್ಲವೆಂಬ ಪ್ರತಿಜ್ಞೆಯನ್ನೂ ಮಾಡಿಕೊಳ್ಳಲಾಯಿತು.

ಪಾರಂಪರಿಕ ಆಂಗ್ಲಿಕನರಿಗೆ ಇದು ಸಹಿಸತಕ್ಕ ವಿಷಯವಾಗಿರಲಿಲ್ಲ. ಬಿಷಪರ ಅಭಿಷೇಕವಿಲ್ಲದವನು ನಡೆಯಿಸಿದ ಪ್ರಭುಭೋಜನವು ನಿಜವಾದ ಸಂಸ್ಕಾರವೆಂಬ ಭರವಸೆ ಎಲ್ಲಿದೆ? ಮೂವತ್ತು ವರುಷಗಳ ಮಟ್ಟಿಗೆ ಬಿಡಬಹುದಾದುದನ್ನು ಅವಶ್ಯವೆಂದು ಹೇಳುವುದು ಹೇಗೆ? ಇದು ಅವರ ಪ್ರಶ್ನೆ. ಪ್ರಸಿದ್ಧ ಕವಿ ಟಿ. ಎಸ್. ಎಲಿಯಟ್ಟರು ೧೯೪೩ರಲ್ಲಿ ಈ ಯೋಜನೆಯನ್ನು ವಿರೋಧಿಸಿ ಒಂದು ಚಿಕ್ಕ ಪುಸ್ತಕವನ್ನೇ ಬರೆದರು. ಇತ್ತ ಐಕ್ಯದ ಪಕ್ಷದವರು, ದೇವರು ಇಷ್ಟು ಕಾಲ ಆಶೀರ್ವದಿಸಿದ ಸೇವೆಯನ್ನು ಸೇವೆಯೇ ಅಲ್ಲವೆನ್ನಲು ನಾವು ಯಾರೆಂದು ಕೇಳಿದರು. ಎರಡು ಪಕ್ಷಗಳಲ್ಲಿಯೂ ಭಕ್ತಿಯಿತ್ತು, ವಿದ್ಯೆಯಿತ್ತು. ೧೯೪೮ರ ಲ್ಯಾಂಬೆತ್ ಸಮ್ಮೇಳನದಲ್ಲಿ ಬಿಷಪರಿಗೆ ಏಕಾಭಿಪ್ರಾಯಕ್ಕೆ ಬರಲಾಗಲಿಲ್ಲ. ೧೯೫೫ರಲ್ಲಿ ಇಂಗ್ಲೆಂಡಿನ ಸಭೆಯು ಹೊಸ ಸಭೆಯೊಂದಿಗೆ ಮಿತವಾದ ಅನ್ಯೋನ್ಯತೆಗೆ ಮಾತ್ರ ಒಪ್ಪಿತು. ಈಗ ದಕ್ಷಿಣ ಇಂಡಿಯಾ ಸಭೆಯು ಲೋಕದ ಆಂಗ್ಲಿಕನ್ ಬಳಗದ ಪೂರ್ಣ ಸದಸ್ಯ ಸಭೆಗಳಲ್ಲೊಂದು.

ನಮ್ಮ ನೆರೆಯ ಆಂಧ್ರದ ನಂದ್ಯಾಲದಲ್ಲಿ ಈ ವಿರೋಧವು ಮಾತಿನಲ್ಲಿಯೇ ನಿಲ್ಲಲಿಲ್ಲ. ಅಲ್ಲಿಯ ತೆಲುಗು ಆಂಗ್ಲಿಕನ್ ಸಭೆಗಳಲ್ಲಿ ಬಹುಭಾಗ ೧೯೪೭ರಲ್ಲಿ ಐಕ್ಯ ಸಭೆಯನ್ನು ಸೇರದೆ, ಕಲ್ಕತ್ತೆಯ ಮುಖ್ಯ ಬಿಷಪರ ಆಂಗ್ಲಿಕನ್ ಸಭೆಯಲ್ಲಿಯೇ ಉಳಿದುಕೊಂಡವು. ತಾವು ಯಾರನ್ನೂ ಬಿಟ್ಟುಹೋಗಲಿಲ್ಲ, ಇದ್ದಲ್ಲಿಯೇ ಇದ್ದೇವೆಂದು ಅವರು ಹೇಳಿಕೊಂಡರು. ೧೯೭೦ನೆಯ ನವೆಂಬರ್ ೨೯ರಂದು ನಾಗಪುರದಲ್ಲಿ ಉತ್ತರ ಇಂಡಿಯಾ ಸಭೆ ಸ್ಥಾಪಿತವಾದಾಗ ಕಲ್ಕತ್ತೆಯ ಆ ಆಂಗ್ಲಿಕನ್ ಸಭೆಯೇ ಅದರಲ್ಲಿ ಲೀನವಾಯಿತು. ಕಡೆಗೆ ನಂದ್ಯಾಲದವರು ೧೯೭೫ರಲ್ಲಿ ದಕ್ಷಿಣ ಇಂಡಿಯಾ ಸಭೆಯನ್ನು ಸೇರಿದರು.

ಇತ್ತ ಬಂಗಾರಪೇಟೆ, ಕೋಲಾರಗಳ ಮೆಥಡಿಸ್ಟರು ಅಮೆರಿಕೆಯ ಮೆಥಡಿಸ್ಟ್ ಮಹಾಸಭೆಗೆ ಸೇರಿದವರಾದುದರಿಂದ ೧೯೪೭ರ ಐಕ್ಯದಲ್ಲಿ ಪಾಲುಗೊಳ್ಳಲಿಲ್ಲ. ಪಾಲುಗೊಂಡ ಮೆಥಡಿಸ್ಟರು ಬ್ರಿಟನ್ನಿನ ವೆಸ್ಲಿಯನ್ ಮಿಷನ್ನಿನವರು. ಉತ್ತರ ಇಂಡಿಯಾದ ಐಕ್ಯದ ಮಾತುಕತೆಗಳಲ್ಲಿ ಅಮೆರಿಕೆಯ ಪರಂಪರೆಯ ಮೆಥಡಿಸ್ಟರೂ ಇದ್ದರು; ೧೯೭೦ರಲ್ಲಿ ಕಡೆಯ ಗಳಿಗೆಗೆ ಹಿಂದೆಗೆದರು. ೧೯೮೧ರಲ್ಲಿ ಅವರ ಸಭೆಯು 'ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ' ಎಂಬ ಸ್ವತಂತ್ರ ಸಭೆಯಾಯಿತು. ಒಂದೇ ಊರಿನಲ್ಲಿ ಮೆಥಡಿಸ್ಟ್ ಮನೆತನದವರೇ ಎರಡು ಸಭೆಗಳಲ್ಲಿರುವುದಕ್ಕೆ ಕಾರಣ ಇದು.

ಐಕ್ಯವಾದ ತರುವಾಯ ಹೊರಬಂದವರೂ ಉಂಟು. ೧೯೬೪ರಲ್ಲಿ ಮಧ್ಯ ಕೇರಳದಲ್ಲಿ ಕೆಲವರು ದಕ್ಷಿಣ ಇಂಡಿಯಾ ಸಭೆಯನ್ನು ಬಿಟ್ಟು ಆಂಗ್ಲಿಕನ್ ಹೆಸರಿನ ಪ್ರತ್ಯೇಕ ಸಭೆಯನ್ನು ಕಟ್ಟಿದರು. ಅಲ್ಲಿ ಸಿದ್ಧಾಂತಕ್ಕಿಂತಲೂ ಆಳವಾಗಿದ್ದ ನೋವೆಂದರೆ ಸಭೆಯೊಳಗೆ ದಲಿತ ಕ್ರೈಸ್ತರಿಗೆ ಸಮಾನವಾದ ಮರ್ಯಾದೆ ದೊರೆಯದೆ ಹೋದುದು. ಹಲಗೆಯ ಮೇಲಿನ ಹೆಸರೇ ಒಡಕಿನ ಕಾರಣವನ್ನೆಲ್ಲಾ ಹೇಳುವುದಿಲ್ಲವೆಂಬುದಕ್ಕೆ ಇದು ನಿದರ್ಶನ. ಉತ್ತರದಲ್ಲಿ ೧೯೭೦ರ ಐಕ್ಯವನ್ನು ಒಪ್ಪದ ಕೆಲವರು ಹಳೆಯ ಸಭೆಯ ಹೆಸರಿನಲ್ಲಿಯೇ ಮುಂದುವರಿದರು.

ಬಳಿಕ ಪ್ರಶ್ನೆಯು ಹೊಸ ರೂಪವನ್ನು ತಾಳಿತು. ಯಾರ ಕೈಗಳು ಎಂಬುದರೊಂದಿಗೆ, ಯಾರ ತಲೆಯ ಮೇಲೆ ಎಂಬುದೂ ಸೇರಿತು. ೧೯೭೬ರಲ್ಲಿ ಅಮೆರಿಕೆಯ ಎಪಿಸ್ಕೋಪಲ್ ಸಭೆಯು ಸ್ತ್ರೀಯರನ್ನು ಪಾಲಕರನ್ನಾಗಿ ಅಭಿಷೇಕಿಸಲು ಒಪ್ಪಿತು. ತನ್ನ ಪ್ರಾರ್ಥನಾ ಪುಸ್ತಕವನ್ನೂ ಪರಿಷ್ಕರಿಸತೊಡಗಿತ್ತು. ಇದನ್ನು ಒಪ್ಪದವರು ೧೯೭೭ರ ಸೆಪ್ಟೆಂಬರಿನಲ್ಲಿ ಸೇಂಟ್ ಲೂಯಿಸ್ ಪಟ್ಟಣದಲ್ಲಿ ಕೂಡಿ, ತಾವೇ ಹಳೆಯ ಸಭೆಯನ್ನು ಮುಂದುವರಿಸುವವರೆಂದು ಘೋಷಿಸಿದರು. ೧೯೭೮ನೆಯ ಜನವರಿ ೨೮ರಂದು ಡೆನ್ವರಿನಲ್ಲಿ ಅವರ ಹೊಸ ಬಿಷಪರ ಅಭಿಷೇಕವಾಯಿತು. ಬಿಷಪನೊಬ್ಬನ ಅಭಿಷೇಕಕ್ಕೆ ಮೂವರು ಬಿಷಪರು ಬೇಕೆಂಬುದು ಪುರಾತನ ಕಟ್ಟಳೆ. ಅಂದು ಪ್ರಥಮ ಅಭಿಷೇಕಕ್ಕೆ ಇಬ್ಬರು ಬಿಷಪರು ಬಂದಿದ್ದರು. ಮೂರನೆಯವರ ಸಮ್ಮತಿ ಕಾಗದದ ಮೂಲಕ ದೊರೆಯಿತು. ಪರಂಪರೆಯನ್ನು ಉಳಿಸಲು ಹೊರಟವರೇ ಆ ಪರಂಪರೆಯ ನಿಯಮಕ್ಕಾಗಿ ಎಷ್ಟು ಪರದಾಡಬೇಕಾಯಿತೆಂಬುದನ್ನು ಇದರಿಂದ ತಿಳಿಯಬಹುದು. ಮುಂದೆ ಅವರಲ್ಲಿಯೂ ಒಡಕುಗಳು ಹುಟ್ಟಿ ಹಲವು ಸಭೆಗಳಾದವು. ೨೦೧೭ರಲ್ಲಿ ಅವುಗಳಲ್ಲಿ ನಾಲ್ಕು ಮತ್ತೆ ಪೂರ್ಣ ಅನ್ಯೋನ್ಯತೆಗೆ ಬಂದವು. ೨೦೦೯ರಲ್ಲಿ ಅಮೆರಿಕೆಯಲ್ಲಿ ಸ್ಥಾಪಿತವಾದ 'ಉತ್ತರ ಅಮೆರಿಕೆಯ ಆಂಗ್ಲಿಕನ್ ಸಭೆ' ಬೇರೊಂದು ಸಂಸ್ಥೆ. ವಿವಾಹ, ಸತ್ಯವೇದದ ಅಧಿಕಾರ ಮುಂತಾದ ವಿಷಯಗಳ ಭಿನ್ನಾಭಿಪ್ರಾಯದಿಂದ ಅದು ಹುಟ್ಟಿತು. ಅದರಲ್ಲಿ ಸ್ತ್ರೀಯರು ಬಿಷಪರಾಗಲಾರರು. ಸ್ತ್ರೀಯರು ಪಾಲಕರಾಗಬಹುದೇ ಎಂಬುದನ್ನು ಆಯಾ ಸಭಾಪ್ರಾಂತಗಳ ನಿರ್ಣಯಕ್ಕೆ ಬಿಟ್ಟಿದ್ದಾರೆ.

ನಮ್ಮ ದಕ್ಷಿಣ ಇಂಡಿಯಾ ಸಭೆಯಲ್ಲಿ ಪ್ರಥಮ ಸ್ತ್ರೀಯ ಅಭಿಷೇಕವಾದುದು ಅದೇ ೧೯೭೬ರಲ್ಲಿ. ೨೦೧೩ನೆಯ ಸೆಪ್ಟೆಂಬರ್ ೩೦ರಂದು ಇ. ಪುಷ್ಪಲಲಿತಾರವರು ಆ ಸಭೆಯ ಪ್ರಥಮ ಸ್ತ್ರೀ ಬಿಷಪರಾಗಿ ಅಭಿಷಿಕ್ತರಾದರು. ಅವರಿಗೆ ದೊರೆತ ಪ್ರಾಂತ ನಂದ್ಯಾಲ. ಬಿಷಪರ ಪರಂಪರೆಗೆ ಕುಂದು ಬಂದೀತೆಂದು ೧೯೪೭ರಲ್ಲಿ ಹೊರಗುಳಿದ ಸಭೆಗಳ ನಾಡಿನಲ್ಲಿಯೇ ಆ ಪರಂಪರೆಯ ದಂಡವು ಹೆಣ್ಣುಮಗಳೊಬ್ಬಳ ಕೈಗೆ ಬಂದಿತು. ಕರ್ತನು ಆರಿಸಿದ ಹನ್ನೆರಡು ಮಂದಿಯೂ ಪುರುಷರೇ ಆದುದರಿಂದ ಆ ಕ್ರಮವನ್ನು ಬದಲಿಸಲು ಸಭೆಗೆ ಅಧಿಕಾರವಿಲ್ಲವೆಂದು ಪಾರಂಪರಿಕರು ಹೇಳುವರು. ಪುನರುತ್ಥಾನದ ವಾರ್ತೆಯನ್ನು ಮೊದಲು ಹೊತ್ತು ಹೋದವರು ಸ್ತ್ರೀಯರೇ ಅಲ್ಲವೇ ಎಂದು ಇತರರು ಕೇಳುವರು. ಹೆಣ್ಣುಮಕ್ಕಳ ಶಾಲೆಯ ವಾಚಕರಾದ ನಮಗೆ ಇದು ದೂರದ ವಾದವಲ್ಲ. ನಮ್ಮ ಹುಡುಗಿಯೊಬ್ಬಳಿಗೆ ದೇವಸೇವೆಯ ಕರೆ ಬಂದರೆ, ಅವಳ ಸಭೆ ಯಾವುದೆಂಬುದರ ಮೇಲೆ ಅವಳ ಮುಂದಿನ ಬಾಗಿಲು ತೆರೆಯುವುದೋ ಮುಚ್ಚುವುದೋ ನಿಂತಿದೆ.

ಆದುದರಿಂದ ಹೊಸ ಊರಿನಲ್ಲಿ ಆಂಗ್ಲಿಕನ್ ಎಂಬ ಹಲಗೆಯನ್ನು ಕಂಡ ಸಹೋದರಿಯರು ಕೆಲವು ವಿಷಯಗಳನ್ನು ವಿನಯದಿಂದ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಇಲ್ಲಿಯ ಪಾಲಕರಿಗೆ ಅಭಿಷೇಕ ಮಾಡಿದವರು ಯಾರು? ಈ ಸಭೆಯು ಯಾವ ಯಾವ ಸಭೆಗಳೊಂದಿಗೆ ಅನ್ಯೋನ್ಯತೆಯಲ್ಲಿದೆ? ಬೇರೆ ಸಭೆಯ ಸದಸ್ಯರನ್ನು ಪ್ರಭುಭೋಜನಕ್ಕೆ ಸೇರಿಸಿಕೊಳ್ಳುವರೇ? ವಿವಾಹಕ್ಕೂ ಸಮಾಧಿಗೂ ಇಲ್ಲಿಯ ನಿಯಮವೇನು? ಸ್ತ್ರೀಯರ ಸೇವೆಯ ವಿಷಯದಲ್ಲಿ ಇವರ ಬೋಧೆ ಯಾವುದು? ಉತ್ತರಗಳು ತಿಳಿದ ಮೇಲೆ ಮನಸ್ಸಾಕ್ಷಿಗೆ ಒಪ್ಪಿದಂತೆ ನಡೆಯಬಹುದು. ಸಂಬಂಧಗಳನ್ನು ಗೊತ್ತುಮಾಡುವ ತಂದೆತಾಯಿಗಳೂ ಈ ವಿಚಾರಗಳನ್ನು ನಿಶ್ಚಿತಾರ್ಥಕ್ಕೆ ಮುಂಚೆಯೇ ಮಾತಾಡಿಕೊಂಡರೆ, ತರುವಾಯ ಸೊಸೆಯಾದವಳು ಇಬ್ಬರ ನಡುವೆ ನಿಂತು ಕಣ್ಣೀರಿಡುವುದು ತಪ್ಪುತ್ತದೆ.

ಕೂಡಿದವರು ಸತ್ಯವನ್ನು ಅಗ್ಗವಾಗಿ ಮಾರಿದವರೆಂದಾಗಲಿ, ಬೇರೆಯಾದವರು ಪ್ರೀತಿಯಿಲ್ಲದವರೆಂದಾಗಲಿ ನಾವು ಎಣಿಸತಕ್ಕದ್ದಲ್ಲ. ತಮ್ಮ ಮಕ್ಕಳಿಗೆ ನಿಜವಾದ ಸಂಸ್ಕಾರಗಳು ದೊರೆಯಬೇಕೆಂಬ ಚಿಂತೆ ಇಬ್ಬರಿಗೂ ಒಂದೇ ಆಗಿತ್ತು. ಒಂದೇ ಬೆಂಚಿನಲ್ಲಿ ಕುಳಿತು ಕಲಿತವರು ಈ ಚರಿತ್ರೆಯನ್ನು ಅರಿತು, ಪರಸ್ಪರರ ಆರಾಧನೆಯನ್ನು ಗೌರವದಿಂದ ಕಾಣುವವರಾಗಲಿ ಎಂಬುದೇ ನಮ್ಮ ಹಾರೈಕೆ.