ಅಂಗಳ ದಾಟಿದ ಪತ್ರೊಡೆ

ಕಾರ್ಕಳ ತಾಲೂಕಿನ ನಿಟ್ಟೆಯಂಥ ಊರುಗಳಲ್ಲಿ ಆಟಿ ಎಂದರೆ ಬಿಡದೆ ಸುರಿಯುವ ಮಳೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಈ ತುಳು ತಿಂಗಳು ಹಿಂದೆ ಅಭಾವದ ಕಾಲವಾಗಿತ್ತು. ನಾಟಿ ಮುಗಿದು ಕೂಲಿ ನಿಂತಿರುತ್ತಿತ್ತು. ಹಳೆಯ ಅಕ್ಕಿ ತೀರುತ್ತ ಬಂದಿರುತ್ತಿತ್ತು, ಹೊಸ ತೆನೆಗೆ ಇನ್ನೂ ದಿನಗಳಿರುತ್ತಿದ್ದವು. ಆಗ ಬಡವರ ಕೈಹಿಡಿದದ್ದು ಹಿತ್ತಲು ಮತ್ತು ಗುಡ್ಡ. ತಜಂಕ್ ಎಂದು ತುಳುವರು ಕರೆಯುವ ಸೊಪ್ಪು, ಕಣಿಲೆ, ಹಲಸಿನ ಬೀಜ, ಕೆಸುವಿನ ಎಲೆ ಇವೇ ಆಟಿಯ ಆಹಾರ. ಇವುಗಳಲ್ಲಿ ಕೆಸುವಿನ ಎಲೆಯಿಂದ ಹುಟ್ಟಿದ ಪತ್ರೊಡೆಗೆ ವಿಶೇಷ ಸ್ಥಾನವಿದೆ.

ನೆನೆಸಿದ ಅಕ್ಕಿಯನ್ನು ತೆಂಗಿನತುರಿ, ಹುರಿದ ಮೆಣಸು, ಕೊತ್ತಂಬರಿ, ಹುಣಸೆಹುಳಿ, ಬೆಲ್ಲದೊಂದಿಗೆ ತರಿತರಿಯಾಗಿ ರುಬ್ಬಬೇಕು. ಎಲೆಯ ದಪ್ಪ ನಾರನ್ನು ಹೆರೆದು, ಬೆನ್ನು ಮೇಲೆ ಮಾಡಿ ಹಿಟ್ಟು ಸವರಬೇಕು. ಅದರ ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು. ಹೀಗೆ ನಾಲ್ಕೈದು ಎಲೆ ಪೇರಿಸಿ, ಅಂಚು ಮಡಚಿ, ಬಿಗಿಯಾಗಿ ಸುರುಳಿ ಸುತ್ತಿ ಹಬೆಯಲ್ಲಿ ಸುಮಾರು ಒಂದು ಗಂಟೆ ಬೇಯಿಸಬೇಕು. ಆರಿದ ಮೇಲೆ ಬಿಲ್ಲೆಗಳಾಗಿ ಕೊಯ್ದು ತೆಂಗಿನೆಣ್ಣೆ ಹಾಕಿ ತಿನ್ನುವವರಿದ್ದಾರೆ, ಕಾವಲಿಯಲ್ಲಿ ಕಾಯಿಸುವವರಿದ್ದಾರೆ, ಪುಡಿ ಮಾಡಿ ಒಗ್ಗರಣೆ ಕೊಡುವವರೂ ಇದ್ದಾರೆ.

ಇಷ್ಟೆಲ್ಲ ಕೆಲಸವನ್ನು ಒಬ್ಬರ ಊಟಕ್ಕಾಗಿ ಯಾರೂ ಮಾಡುವುದಿಲ್ಲ. ಒಬ್ಬರು ರುಬ್ಬಿದರೆ ಒಬ್ಬರು ಎಲೆ ಹೆರೆಯಬೇಕು, ಮತ್ತೊಬ್ಬರು ಸುತ್ತಬೇಕು. ಪತ್ರೊಡೆ ಮಾಡುವುದೆಂದರೆ ಹೆಚ್ಚಾಗಿಯೇ ಮಾಡುವುದು.

ಜಪಾನಿನ ಸುಶಿಗೂ ಇಂಥದೇ ಹಿನ್ನೆಲೆ. ಇಂದು ನಮ್ಮ ನಗರಗಳ ಹೋಟೆಲುಗಳಲ್ಲೂ ದೊರೆಯುವ ಸುಶಿ ಎಂದರೆ ಹಸಿ ಮೀನು ಎಂದು ಹಲವರ ಎಣಿಕೆ. ಆದರೆ ಆ ಹೆಸರು ಬಂದದ್ದು 'ಹುಳಿ' ಎಂಬರ್ಥದ ಹಳೆಯ ಮಾತಿನಿಂದ. ಉಪ್ಪು ಹಾಕಿದ ಮೀನನ್ನು ಅನ್ನದ ನಡುವೆ ಅದುಮಿ ತಿಂಗಳುಗಟ್ಟಲೆ ಇಟ್ಟರೆ ಅನ್ನ ಹುಳಿಯಾಗುತ್ತದೆ, ಆ ಹುಳಿ ಮೀನನ್ನು ಕೆಡದಂತೆ ಕಾಯುತ್ತದೆ. ಬಿವಾ ಸರೋವರದ ಸುತ್ತ ಈ ಹಳೆಯ ಬಗೆ ಇನ್ನೂ ಉಳಿದಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದ ಎದೊ, ಅಂದರೆ ಇಂದಿನ ಟೋಕಿಯೊ ನಗರದಲ್ಲಿ, ವಿನೆಗರ್ ಬೆರೆಸಿದ ಅನ್ನದ ಮೇಲೆ ಮೀನಿಟ್ಟು ಕೊಡುವ ರೂಢಿ ಹಬ್ಬಿತು. ಪತ್ರೊಡೆಯಲ್ಲಿ ಹುಳಿಯ ಕೆಲಸ ಬೇರೆ. ಕೆಸುವಿನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಗಂಟಲು ತುರಿಸುತ್ತವೆ. ಹುಣಸೆ ಹಾಕಿ ಚೆನ್ನಾಗಿ ಬೇಯಿಸಿದರೆ ತುರಿಕೆ ಅಡಗುತ್ತದೆ ಎಂಬುದು ಅಡುಗೆಮನೆಯ ಅನುಭವ.

ಜಪಾನಿನ ಮನೆಗಳಲ್ಲಿ ಅತಿಥಿಗಳನ್ನು ಕರೆದು ಅನ್ನ, ಮೀನು, ತರಕಾರಿ, ಕಡಲಪಾಚಿಯ ಹಾಳೆಗಳನ್ನು ನಡುವೆ ಇಡುತ್ತಾರೆ. ಬಂದವರು ತಮ್ಮ ಸುರುಳಿಯನ್ನು ತಾವೇ ಸುತ್ತಿಕೊಳ್ಳುತ್ತಾರೆ. ಇದಕ್ಕೆ 'ತೆಮಾಕಿ' ಎಂದು ಹೆಸರು. ತುಳುನಾಡಿನಲ್ಲಿ ನೆರೆಯವರನ್ನು ಹೀಗೆ ಒಂದೇ ಪಂಕ್ತಿಗೆ ಕರೆಯುವುದು ಅಷ್ಟು ಸುಲಭವಿರಲಿಲ್ಲ. ಬ್ರಾಹ್ಮಣರು, ಕೊಂಕಣಿಗರು, ಬಂಟರು, ಬಿಲ್ಲವರು, ಕ್ರೈಸ್ತರು, ಎಲ್ಲರ ಮನೆಯಲ್ಲೂ ಪತ್ರೊಡೆ ಬೇಯುತ್ತಿತ್ತು. ಹಸಿ ಎಲೆ, ತೆಂಗಿನಕಾಯಿ, ಅಕ್ಕಿ ಬೇಲಿ ದಾಟಬಹುದಿತ್ತು. ಬೆಂದ ಅಡುಗೆಗೆ ಮಾತ್ರ ಜಾತಿಯ ಕಟ್ಟಳೆ ಅಡ್ಡ ಬರುತ್ತಿತ್ತು. ಒಂದೇ ಪರಿಮಳ ಅಕ್ಕಪಕ್ಕದ ಒಲೆಗಳಿಂದ ಎದ್ದರೂ ಒಬ್ಬರ ಬಿಲ್ಲೆ ಇನ್ನೊಬ್ಬರ ಎಲೆಗೆ ಬೀಳುತ್ತಿರಲಿಲ್ಲ.

ಭೂಸುಧಾರಣೆ, ಶಾಲೆ, ಹೊರಊರಿನ ದುಡಿಮೆ ಈ ಗೋಡೆಗಳನ್ನು ನಿಧಾನವಾಗಿ ಸಡಿಲಿಸಿದವು. 1986ರಲ್ಲಿ ಎನ್.ಎಂ.ಎ.ಎಂ. ತಾಂತ್ರಿಕ ವಿದ್ಯಾಲಯ ಆರಂಭವಾದ ನಿಟ್ಟೆಯಲ್ಲಿ ದೂರದ ಜಿಲ್ಲೆ, ರಾಜ್ಯಗಳವರೂ ನೆರೆಯವರಾದರು. ಈಗ ಕರಾವಳಿಯಲ್ಲೂ ಮುಂಬಯಿಯ ತುಳು, ಕನ್ನಡ ಸಂಘಗಳಲ್ಲೂ 'ಆಟಿಡೊಂಜಿ ದಿನ' ನಡೆಯುತ್ತದೆ. ಮನೆಮನೆಯಿಂದ ತಂದ ಪತ್ರೊಡೆ, ಕಣಿಲೆ, ತಜಂಕ್ ಒಂದೇ ಮೇಜಿನ ಮೇಲೆ ಸಾಲಾಗಿ ಕೂರುತ್ತವೆ.

ಹಸಿವಿನ ತಿಂಗಳು ಸಂಭ್ರಮದ ದಿನವಾದಾಗ ಹಸಿವು ಮರೆತುಹೋಗುವ ಅಪಾಯ ಇದ್ದೇ ಇದೆ. ಹಿರಿಯರಿಗೆ ಆಟಿಯ ಸೊಪ್ಪು ಆಯ್ಕೆಯಾಗಿರಲಿಲ್ಲ, ಅನಿವಾರ್ಯವಾಗಿತ್ತು ಎಂಬುದನ್ನು ಮಕ್ಕಳಿಗೆ ಹೇಳಬೇಕು. ಬೆಂದ ಪತ್ರೊಡೆ ಬೇಲಿ ದಾಟಿ ಪಕ್ಕದ ಮನೆಗೆ ಹೋಗಲು ಎಷ್ಟು ತಲೆಮಾರು ಹಿಡಿಯಿತೆಂಬುದನ್ನೂ ಜೊತೆಗೆ ಹೇಳಬೇಕು.