ಉಗುರುಬಣ್ಣದ ಮಾದರಿ ಕಡ್ಡಿ

ಉಗುರುಬಣ್ಣದ ಮಾದರಿ ಕಡ್ಡಿಯು ನೈಲ್ ಪಾಲಿಶ್‌ನ ವರ್ಣವನ್ನು ಬಳಿದು ತೋರಿಸಲು ಬಳಸುವ, ತುದಿಯಲ್ಲಿ ಉಗುರಿನ ಆಕಾರವುಳ್ಳ ಪ್ಲಾಸ್ಟಿಕ್ ಕಡ್ಡಿ. ಸೀಸೆಯೊಳಗೆ ದ್ರವವು ದಪ್ಪವಾಗಿ ನಿಂತಿರುವುದರಿಂದ ಬಣ್ಣವು ಗಾಢವಾಗಿ ಕಾಣುತ್ತದೆ. ಉಗುರಿನ ಮೇಲಿನ ತೆಳುಪದರದಲ್ಲಿ ಅದೇ ಬಣ್ಣ ಬೇರೆಯೇ ಆಗಿ ತೋರಬಹುದು. ಕೊಳ್ಳುವವರು ಮೋಸಹೋಗುವುದು ಇಲ್ಲಿಯೇ.

ಪಾರದರ್ಶಕ, ಹಾಲುಬಿಳುಪು ಹಾಗೂ ಕಪ್ಪು ಕಡ್ಡಿಗಳು ದೊರೆಯುತ್ತವೆ. ಕಪ್ಪು ಕಡ್ಡಿಯು ಮಿನುಗುಬಣ್ಣಗಳಿಗೆ ಒಪ್ಪುತ್ತದೆಯಾದರೂ ತೆಳುಬಣ್ಣಗಳ ನಿಜರೂಪವನ್ನು ಮರೆಮಾಡುತ್ತದೆ. ಪಾರದರ್ಶಕ ಕಡ್ಡಿಯನ್ನು ಬೆರಳುಗುರಿನ ಮೇಲಿಟ್ಟು ಮೈಬಣ್ಣದೊಡನೆ ಹೋಲಿಸಿ ನೋಡಬಹುದು.

ಉಗುರಿಗೆ ಹಚ್ಚುವಂತೆಯೇ ತೆಳುವಾಗಿ 2 ಲೇಪ ಕೊಡಬೇಕು. ಮೊದಲನೆಯದು ಒಣಗಿದ ನಂತರವೇ ಎರಡನೆಯದು. ಬಣ್ಣದ ಹೆಸರನ್ನೂ ಸಂಖ್ಯೆಯನ್ನೂ ಹಿಡಿಯ ಹಿಂಬದಿಯಲ್ಲಿ ಬರೆದಿಡುವುದು ರೂಢಿ. ಎಬಿಎಸ್ ಪ್ಲಾಸ್ಟಿಕ್ಕಿನ ಕಡ್ಡಿಗಳನ್ನು ಅಸಿಟೋನ್ ಕರಗಿಸುವುದರಿಂದ ಅವನ್ನು ಒರೆಸಿ ಮರುಬಳಸಲಾಗದು. ಬಿಸಿಲಿಗೆ ತೂಗುಹಾಕಿದ ಮಾದರಿಗಳಲ್ಲಿ ಕೆಲವು ವರ್ಣಗಳು ಮಾಸುವುದುಂಟು.