ಮೊದಲ ಸ್ಕೂಟರು ಕೊಳ್ಳುವ ಮುನ್ನ



ಈ ಸಂಚಿಕೆಯಲ್ಲಿ ಕೊಳೆರೋಗದ ಬಗೆಗಾಗಲಿ ಕಾಯಿಕೊರಕದ ಬಗೆಗಾಗಲಿ ಬರೆಯುತ್ತಿಲ್ಲ. ಕೆಲವು ತಿಂಗಳಿಂದ ಸಂಘದ ಕಚೇರಿಗೆ ಗೊಬ್ಬರಕ್ಕೆಂದು ಬಂದವರು ಹೊರಡುವಾಗ ಬಾಗಿಲ ಬಳಿ ನಿಂತು, "ಸೆಕ್ರೆಟರಿಗಳೇ, ಯಾವ ಸ್ಕೂಟರು ತಗೊಂಡ್ರೆ ಒಳ್ಳೇದು?" ಎಂದು ಕೇಳುತ್ತಿದ್ದಾರೆ. ಕೇಳುವವರಲ್ಲಿ ಬಹುಮಂದಿ ನಲವತ್ತು ದಾಟಿದವರು, ಈವರೆಗೆ ಗಾಡಿ ಓಡಿಸದವರು, ಅರ್ಧಕ್ಕರ್ಧ ಮಹಿಳೆಯರು. ಒಬ್ಬೊಬ್ಬರಿಗೂ ನಿಂತು ಉತ್ತರ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ನಮ್ಮ ತಂದೆಯವರ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. 1972ರಲ್ಲಿ ಬಜಾಜ್ ಚೇತಕ್ ಬಂದ ಮೇಲೆ ಜನ ಹಣ ಕಟ್ಟಿ, ಹೆಸರು ಬರೆಸಿ, ವರ್ಷಗಟ್ಟಲೆ ಕಾಯುತ್ತಿದ್ದರು. ಸರದಿ ಬಂದಾಗ ಸಿಕ್ಕಿದ ಬಣ್ಣದ ಗಾಡಿಯನ್ನು ಮಾತಿಲ್ಲದೆ ಮನೆಗೆ ತರುತ್ತಿದ್ದರು. 1984ರಲ್ಲಿ ಕೈನೆಟಿಕ್ ಹೋಂಡಾ, 2001ರಲ್ಲಿ ಹೋಂಡಾ ಆಕ್ಟಿವಾ ಬಂದು ಎಡಗೈಯಲ್ಲಿ ಗೇರು ತಿರುಗಿಸುವ ಕಷ್ಟವೂ ತಪ್ಪಿತು. ಈಗ ಕಾಯುವ ಕಷ್ಟವಿಲ್ಲ, ಆರಿಸುವ ಕಷ್ಟ. ಆರಿಸುವುದರಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಮನೆಯವರಿಗೆ ಸ್ಕೂಟರು ಬೇಕೆಂದಾಗ ನಾನೊಬ್ಬನೇ ಪೇಟೆಗೆ ಹೋಗಿ, ಶೋರೂಮಿನಲ್ಲಿ ನಿಂತ ಗಾಡಿಗಳಲ್ಲಿ ದೊಡ್ಡದಾಗಿ, ಗಟ್ಟಿಮುಟ್ಟಾಗಿ ಕಂಡದ್ದನ್ನು ಕೊಂಡು ತಂದೆ. ಓಡಿಸಬೇಕಾದವರನ್ನು ಅದರ ಮೇಲೆ ಒಮ್ಮೆ ಕೂರಿಸಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ನೋಡಿದರೆ ಅವರ ಕಾಲಿನ ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. "ಅಭ್ಯಾಸವಾಗುತ್ತದೆ ಬಿಡು" ಎಂದೆ. ಜುಲೈ ತಿಂಗಳ ಒಂದು ಬೆಳಿಗ್ಗೆ ನಮ್ಮ ಉಣುಗೋಲಿನ ತಿರುವಿನಲ್ಲಿ, ಪಾಚಿಯ ಮೇಲೆ ಗಾಡಿ ನಿಧಾನವಾಗಿ ಒಂದು ಬದಿಗೆ ವಾಲಿತು. ಕಾಲು ಊರಲು ನೆಲ ಸಿಗಲಿಲ್ಲ. ಮುಂಗೈ ಮೂಳೆ ಮುರಿದು ಆರು ವಾರ ಪ್ಲಾಸ್ಟರು. ಆ ಆರು ವಾರ ಅಡಿಗೆ ಮಾಡಿದವನು ನಾನು. ದೋಷ ಗಾಡಿಯದಲ್ಲ, ಓಡಿಸಿದವರದೂ ಅಲ್ಲ; ಕೊಂಡವನದು.

ಮೊದಲು ದಾರಿ ನೋಡಿ

ಸ್ಕೂಟರನ್ನು ನಾವು ಹೆದ್ದಾರಿಯ ಲೆಕ್ಕದಲ್ಲಿ ಕೊಳ್ಳುತ್ತೇವೆ, ಬೀಳುವುದು ಮನೆಯ ದಾರಿಯಲ್ಲಿ. ಕೊಪ್ಪ, ಶೃಂಗೇರಿ, ಬಾಳೆಹೊನ್ನೂರಿನ ಕಡೆ ಡಾಂಬರು ರಸ್ತೆಯಿಂದ ಮನೆ ಅಂಗಳಕ್ಕೆ ಇರುವ ನಾಲ್ಕೈದು ಫರ್ಲಾಂಗು ಮಣ್ಣಿನ ಇಳಿಜಾರನ್ನು ಮಳೆಗಾಲದಲ್ಲಿ ಒಮ್ಮೆ ನಡೆದು ನೋಡಿ: ಪಾಚಿ ಕಟ್ಟಿದ ಕಾಂಕ್ರೀಟು, ಜಾರುವ ಅಡಿಕೆ ಹಾಳೆ, ಒದ್ದೆ ತರಗೆಲೆ, ನೀರು ಕೊರೆದ ಚಡಿ, ತೋಡಿನ ಮೇಲಿನ ಕಿರುಸೇತುವೆ. ನಿಮ್ಮ ಗಾಡಿ ಈ ದಾರಿಗೆ ಒಗ್ಗಬೇಕು. ಇಲ್ಲಿ ಒಗ್ಗಿದ್ದು ಬೇರೆಲ್ಲಿಯೂ ಒಗ್ಗುತ್ತದೆ.

ಹಾಗಾಗಿ ಚಕ್ರ ನೋಡಿ. ಸ್ಕೂಟರುಗಳ ಚಕ್ರ ಸಾಮಾನ್ಯವಾಗಿ 10 ಅಥವಾ 12 ಅಂಗುಲದ್ದು. ಚಕ್ರ ದೊಡ್ಡದಾದಷ್ಟೂ ಗುಂಡಿಗೆ ಇಳಿಯುವುದು ಕಡಿಮೆ. ಮುಂದಿನ ಚಕ್ರವಾದರೂ 12 ಅಂಗುಲದ್ದಿರಲಿ. ಗಾಡಿಯ ಹೊಟ್ಟೆಗೂ ನೆಲಕ್ಕೂ ಎಷ್ಟು ಅಂತರವಿದೆ, ಇಬ್ಬರು ಕುಳಿತಾಗ ಎಷ್ಟು ಉಳಿಯುತ್ತದೆ ಎಂಬುದನ್ನೂ ನೋಡಿ. ದಾರಿ ತೀರಾ ಕೆಟ್ಟದಾಗಿದ್ದು, ತೋಟದೊಳಗೇ ಹೆಚ್ಚು ಓಡಾಟವಿದ್ದರೆ ಟಿವಿಎಸ್ ಎಕ್ಸ್‌ಎಲ್‌ನಂಥ ಮೊಪೆಡ್ಡನ್ನು ಹಗುರವಾಗಿ ಕಾಣಬೇಡಿ. ಅದರ ಚಕ್ರ 16 ಅಂಗುಲದ್ದು, ತೂಕ ಕಡಿಮೆ, ಗೇರಿಲ್ಲ. ಬಿದ್ದರೂ ಒಬ್ಬರೇ ಎತ್ತಿ ನಿಲ್ಲಿಸಬಹುದು.

ಕಾಲು ನೆಲಕ್ಕೆ ಸಿಗಲಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಹಣದ ವಿಷಯದ ಮಾತು. ಸ್ಕೂಟರಿನಲ್ಲಿ ಕಾಲು ಇದ್ದಷ್ಟು ಗಾಡಿ. ಓಡಿಸುವವರೇ ಶೋರೂಮಿಗೆ ಹೋಗಬೇಕು, ದಿನವೂ ಹಾಕುವ ಚಪ್ಪಲಿಯಲ್ಲೇ ಹೋಗಬೇಕು. ಸೀಟಿನ ಮೇಲೆ ಕುಳಿತಾಗ ಎರಡೂ ಪಾದ ನೆಲದ ಮೇಲೆ ಚೆನ್ನಾಗಿ ಊರಬೇಕು. ಆಮೇಲೆ ಮೂರು ಕೆಲಸ ಮಾಡಿ ನೋಡಲಿ: ಗಾಡಿಯನ್ನು ಇಳಿದು ಹತ್ತು ಹೆಜ್ಜೆ ಹಿಂದಕ್ಕೆ ತಳ್ಳುವುದು, ನಡುವಿನ ಸ್ಟ್ಯಾಂಡಿಗೆ ಹಾಕುವುದು, ಎರಡು ಬ್ರೇಕಿನ ಹಿಡಿಗಳನ್ನೂ ಬೆರಳು ಪೂರ್ತಿ ಸುತ್ತಿ ಒತ್ತುವುದು. ಈ ಮೂರರಲ್ಲಿ ಒಂದು ಆಗದಿದ್ದರೂ ಅದು ಅವರ ಗಾಡಿಯಲ್ಲ. ಮಾರುವವರು "ಅಭ್ಯಾಸವಾಗುತ್ತದೆ" ಎಂದರೆ ನಮ್ಮ ಉಣುಗೋಲನ್ನು ನೆನಪಿಸಿಕೊಳ್ಳಿ.

ಸೀರೆ ಉಡುವವರು ಹಿಂದೆ ಕೂರುವ ಮನೆಗಳಲ್ಲಿ ಹಿಂದಿನ ಚಕ್ರದ ಪಕ್ಕದ ಜಾಲರಿಯನ್ನು ಬಿಚ್ಚಿಸಲೇಬೇಡಿ. ಅದು ಅಲಂಕಾರವಲ್ಲ. ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮರೆಯಿರಬೇಕೆಂಬುದು ಮೋಟಾರು ವಾಹನ ನಿಯಮ.

ಬ್ರೇಕು ಮತ್ತು ಇಳಿಜಾರು

2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಲ್ಲಿ ಒಂದು ಹಿಡಿ ಒತ್ತಿದರೆ ಎರಡೂ ಚಕ್ರಕ್ಕೆ ಬ್ರೇಕು ಬೀಳುವ ಜೋಡಿ ವ್ಯವಸ್ಥೆಯಾದರೂ, ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಆದರೂ ಇರಲೇಬೇಕು. ಹೊಸಬರಿಗೆ ಇದು ದೊಡ್ಡ ಉಪಕಾರ. ಅನುಕೂಲವಿದ್ದರೆ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು ಇರುವುದನ್ನು ಕೊಳ್ಳಿ. ಡ್ರಮ್ಮಿನೊಳಗೆ ನೀರು ಹೋದರೆ ಬ್ರೇಕು ಕೆಲಹೊತ್ತು ಸರಿಯಾಗಿ ಹಿಡಿಯುವುದಿಲ್ಲ. ತೋಡು ದಾಟಿದ ಮೇಲೆ ಮೆಲ್ಲಗೆ ಒತ್ತುತ್ತ ಸ್ವಲ್ಪ ದೂರ ಹೋಗಿ ಒಣಗಿಸಿಕೊಳ್ಳಬೇಕು.

ಜೀಪು ಓಡಿಸುವವರಿಗೆ ಒಂದು ಎಚ್ಚರಿಕೆ. ಜೀಪಿನಲ್ಲಿ ಎರಡನೇ ಗೇರಿಗೆ ಹಾಕಿ ಘಾಟಿ ಇಳಿಯುವ ಹಾಗೆ ಗೇರಿಲ್ಲದ ಸ್ಕೂಟರಿನಲ್ಲಿ ಇಳಿಯಲಾಗದು. ಅದರ ಕ್ಲಚ್ಚು ಎಂಜಿನ್ನಿನ ವೇಗಕ್ಕೆ ತಕ್ಕಂತೆ ತಾನೇ ಹಿಡಿದು ತಾನೇ ಬಿಡುತ್ತದೆ. ವೇಗ ತಗ್ಗಿದಾಗ ಎಂಜಿನ್ನಿನ ತಡೆ ಇಲ್ಲವಾಗಿ, ಗಾಡಿ ಪೂರ್ತಿ ಬ್ರೇಕಿನ ಮೇಲೆಯೇ ನಿಲ್ಲುತ್ತದೆ. ಉದ್ದಕ್ಕೂ ಬ್ರೇಕು ಒತ್ತಿಕೊಂಡೇ ಇಳಿದರೆ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದ ಇಳಿಜಾರಿನ ತಲೆಯಲ್ಲೇ ವೇಗ ತಗ್ಗಿಸಿ, ಎರಡೂ ಬ್ರೇಕುಗಳನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಇಳಿಯಬೇಕು. ಪೆಟ್ರೋಲು ಉಳಿಸಲೆಂದು ಎಂಜಿನ್ ಆರಿಸಿ ಇಳಿಯುವ ಚಾಳಿಯಂತೂ ಬೇಡವೇ ಬೇಡ.

ಪೆಟ್ರೋಲೋ, ಕರೆಂಟೋ?

ಈಗ ಎಲ್ಲರೂ ಕೇಳುವುದು ಇದನ್ನೇ. ಲೆಕ್ಕ ಹಾಕಿ ನೋಡೋಣ. ಗಾಡಿಯ ತೂಕ 110 ಕಿಲೋ, ಇಬ್ಬರ ತೂಕ 130 ಕಿಲೋ ಎಂದುಕೊಳ್ಳಿ. ಈ 240 ಕಿಲೋವನ್ನು 500 ಮೀಟರ್ ಎತ್ತರದ ಘಾಟಿ ಹತ್ತಿಸಲು ಮೂರನೇ ಒಂದು ಯೂನಿಟ್ ವಿದ್ಯುತ್ ಬೇಕು. ನಷ್ಟ ಸೇರಿಸಿದರೆ ಸುಮಾರು 0.4 ಯೂನಿಟ್. ಬ್ಯಾಟರಿ 3 ಯೂನಿಟ್‌ನದಾದರೆ, ದಾರಿಯ ಮಾಮೂಲಿ ಖರ್ಚಿನ ಜೊತೆಗೆ ಏರಿಗೆಂದೇ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. ಇಳಿಯುವಾಗ ಸ್ವಲ್ಪ ವಾಪಸು ಬರುತ್ತದೆ, ಪೂರ್ತಿ ಬರುವುದಿಲ್ಲ. ಆದ್ದರಿಂದ ಕಂಪನಿಯವರು ಹೇಳುವ ಕಿಲೋಮೀಟರಿನ ಮೂರನೇ ಎರಡು ಭಾಗವನ್ನು ಮಾತ್ರ ನಂಬಿ ಲೆಕ್ಕ ಹಾಕುವುದು ಕ್ಷೇಮ.

ದಿನಕ್ಕೆ 25-30 ಕಿಲೋಮೀಟರು ಓಡಾಟ, ಮನೆಯಲ್ಲಿ ಸರಿಯಾದ ಅರ್ಥಿಂಗ್ ಇರುವ ಪಾಯಿಂಟು, ಹತ್ತಿರದ ಪೇಟೆಯಲ್ಲೇ ರಿಪೇರಿ: ಈ ಮೂರಿದ್ದರೆ ವಿದ್ಯುತ್ ಸ್ಕೂಟರು ಖರ್ಚಿನಲ್ಲಿ ಬಹಳ ಅಗ್ಗ. ಆದರೆ ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲದಾಗ ಮನೆಯಲ್ಲಿ ಬೇರೆ ವಾಹನವಿದೆಯೇ ಎಂದು ಕೇಳಿಕೊಳ್ಳಿ. ಇಲ್ಲವಾದರೆ ಸದ್ಯಕ್ಕೆ ಪೆಟ್ರೋಲೇ ಸರಿ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಚಾರ್ಜಿಗೆ ಹಾಕಿಡಬೇಡಿ.

ಲೈಸೆನ್ಸು ಬೇಡ, ನೋಂದಣಿ ಬೇಡ ಎಂದು ಮಾರುವ ಪುಟ್ಟ ವಿದ್ಯುತ್ ಗಾಡಿಗಳ ವಿಷಯ. ಇವುಗಳ ಶಕ್ತಿ 250 ವಾಟ್, ವೇಗ ಗಂಟೆಗೆ 25 ಕಿಲೋಮೀಟರು ಮೀರಬಾರದೆಂಬುದೇ ನಿಯಮ. ಗಾಡಿ, ಸವಾರ, ಸಾಮಾನು ಸೇರಿ 180 ಕಿಲೋ ಆದರೆ, ಹತ್ತಡಿಗೆ ಒಂದಡಿ ಏರುವ ದಾರಿಯಲ್ಲಿ 250 ವಾಟ್ ಅದನ್ನು ಗಂಟೆಗೆ 5 ಕಿಲೋಮೀಟರಿನಲ್ಲಿ ಮಾತ್ರ ಎಳೆದೀತು. ಅದು ನಾವು ನಡೆದು ಹೋಗುವ ವೇಗ. ಬಯಲುಸೀಮೆಗೆ ಸರಿ, ನಮ್ಮ ಗುಡ್ಡಕ್ಕಲ್ಲ.

ಪೆಟ್ರೋಲ್ ಗಾಡಿಯಾದರೆ 110 ಸಿಸಿ ಒಬ್ಬರ ಓಡಾಟಕ್ಕೆ ಸಾಕು. ದಿನವೂ ಇಬ್ಬರು ಏರು ಹತ್ತುವುದಿದ್ದರೆ 125 ಸಿಸಿ ನೋಡಿ. ವಾರಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಸೊರಗುವುದು ಉಂಟು. ಕಿಕ್ ಇರುವುದೇ ವಾಸಿ.

ಹೊರೆಯ ಮಾತು

ಐವತ್ತು ಕಿಲೋ ಕಾಫಿ ಚೀಲ, ಅಡಿಕೆ ಮೂಟೆ ಸ್ಕೂಟರಿನ ಕೆಲಸವಲ್ಲ. ಕಾಲಿಡುವ ಜಾಗದಲ್ಲಿ ಮೂಟೆ ಇಟ್ಟರೆ ಕಾಲು ಹೊರಗೆ ಜೋಲುತ್ತದೆ. ಹ್ಯಾಂಡಲಿಗೆ ಚೀಲ ತೂಗುಹಾಕಿದರೆ ತಿರುವಿನಲ್ಲಿ ಅದೇ ಗಾಡಿಯನ್ನು ತಿರುಗಿಸುತ್ತದೆ. ಕಲಿತ ಮೊದಲ ವರ್ಷ ಹಾಲಿನ ಕ್ಯಾನು, ಸಂತೆಯ ಚೀಲ ಇಷ್ಟಕ್ಕೇ ನಿಲ್ಲಿಸಿ.

ಬೆಲೆ, ಸಾಲ, ಹೆಸರು

ಕಾರ್ಯದರ್ಶಿಯಾಗಿ ನಾನು ಗಟ್ಟಿಯಾಗಿ ಹೇಳಬಹುದಾದ ಭಾಗವಿದು. ಶೋರೂಮಿನ ಬೆಲೆಯನ್ನಲ್ಲ, ನೋಂದಣಿ, ವಿಮೆ ಎಲ್ಲ ಸೇರಿ ಗಾಡಿ ರಸ್ತೆಗಿಳಿಯುವ ಬೆಲೆಯನ್ನು ಬರೆಸಿಕೊಳ್ಳಿ. ಸಾಲವಾದರೆ ಬಡ್ಡಿ "ಫ್ಲಾಟ್" ಲೆಕ್ಕವೋ, ಉಳಿದ ಅಸಲಿನ ಮೇಲಿನ ಲೆಕ್ಕವೋ ಎಂದು ಕೇಳಿ. ಒಂದು ಲಕ್ಷ ರೂಪಾಯಿಗೆ ಶೇಕಡಾ 12ರಂತೆ ಮೂರು ವರ್ಷಕ್ಕೆ, ಉಳಿದ ಅಸಲಿನ ಮೇಲಾದರೆ ಒಟ್ಟು ಬಡ್ಡಿ ಸುಮಾರು 19,600 ರೂಪಾಯಿ. ಫ್ಲಾಟ್ ಆದರೆ 36,000. ಹೇಳುವ ದರ ಒಂದೇ, ಕಟ್ಟುವ ಹಣ ಹೆಚ್ಚುಕಡಿಮೆ ಎರಡರಷ್ಟು.

ವಿಮೆಯ ವಿಷಯದಲ್ಲಿ ಎರಡು ಮಾತು. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ವಿಮೆಯನ್ನು ಒಟ್ಟಿಗೇ ಮಾಡಿಸಬೇಕು. ಆದರೆ ಅದು ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಯದು. ನಮ್ಮ ಗಾಡಿಯ ಹಾನಿಯ ವಿಮೆ ಬೇರೆ, ಅದರ ಅವಧಿ ಮೊದಲೇ ಮುಗಿದಿರಬಹುದು. ಎರಡನೆಯದು ಇನ್ನೂ ಮುಖ್ಯ. ವಿಮೆಯ ಜೊತೆಗೆ ಬರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ರಕ್ಷಣೆ, ಲೈಸೆನ್ಸು ಇರುವ ಮಾಲೀಕ ತಾನೇ ಓಡಿಸುತ್ತಿದ್ದಾಗ ಸಾವು ಅಥವಾ ಶಾಶ್ವತ ಊನವಾದರೆ ಸಿಗುವಂಥದು. ನಮ್ಮ ಗಾಡಿ ನನ್ನ ಹೆಸರಿನಲ್ಲಿತ್ತು. ರಕ್ಷಣೆ ನನಗೆ, ಬಿದ್ದದ್ದು ಅವರು. ಮುಂಗೈಯಲ್ಲಿ ಮುಗಿದದ್ದು ನಮ್ಮ ಪುಣ್ಯ. ಗಾಡಿ ಓಡಿಸುವವರ ಹೆಸರಿನಲ್ಲೇ ನೋಂದಣಿಯಾಗಲಿ. ಯಜಮಾನರ ಹೆಸರಿಗೇ ಬರೆಸುವ ನಮ್ಮ ಹಳೆಯ ಪದ್ಧತಿಗೆ ಇಲ್ಲಿ ಬೆಲೆ ತೆರಬೇಕಾದೀತು.

ಕಲಿಯುವ ಬಗೆ

ಮೊದಲು ಕಲಿಕಾ ಲೈಸೆನ್ಸು ಮಾಡಿಸಿ. ಅದರ ಅವಧಿ ಆರು ತಿಂಗಳು. ಪಡೆದು 30 ದಿನವಾದ ಮೇಲೆ ಪರೀಕ್ಷೆಗೆ ಹೋಗಬಹುದು. ಆ ಒಂದು ತಿಂಗಳು ಕಾಫಿ ಕಣವೇ ನಿಮ್ಮ ಶಾಲೆ. ಕೊಯ್ಲು ಮುಗಿದು ಕಣ ಖಾಲಿಯಾದ ಬೇಸಿಗೆಯಲ್ಲಿ ಕಲಿಯಿರಿ, ಮಳೆ ಶುರುವಾದ ಮೇಲೆ ಬೇಡ. ಹೆದರಿಕೆಯಾದಾಗ ಮುಷ್ಟಿ ಬಿಗಿಯುವುದು ಸಹಜ. ಬಿಗಿದ ಬಲಮುಷ್ಟಿ ಆಕ್ಸಿಲರೇಟರನ್ನು ತಿರುಗಿಸಿ ಗಾಡಿಯನ್ನು ಗೋಡೆಗೆ ಒಯ್ಯುತ್ತದೆ. ಆದ್ದರಿಂದ ಮೊದಲ ಪಾಠ ಓಡಿಸುವುದಲ್ಲ, ನಿಲ್ಲಿಸುವುದು. ಹತ್ತು ಹೆಜ್ಜೆ ಹೋಗಿ ಬಲಗೈ ಸಡಿಲಿಸಿ ಬ್ರೇಕು ಒತ್ತಿ ನಿಲ್ಲಿಸುವುದನ್ನು ನೂರು ಸಲ ಮಾಡಿ.

ಹೆಲ್ಮೆಟ್ಟಿನ ಮೇಲೆ ಐಎಸ್‌ಐ ಗುರುತು ಇರಬೇಕು. 2021ರ ಜೂನ್‌ನಿಂದ ಆ ಗುರುತಿಲ್ಲದ್ದನ್ನು ಮಾರುವಂತೆಯೇ ಇಲ್ಲ. ಹಿಂದೆ ಕೂತವರಿಗೂ ಒಂದು ಬೇಕು. ಡೈರಿಯವರೆಗೆ ತಾನೇ ಎಂದು ಕನ್ನಡಿಗೆ ಸಿಕ್ಕಿಸಿಕೊಂಡು ಹೋಗುವ ಹೆಲ್ಮೆಟ್ಟು ಕನ್ನಡಿಯನ್ನು ಮಾತ್ರ ಕಾಯುತ್ತದೆ.

ನಮ್ಮ ಮನೆಯವರು ಆ ಗಾಡಿಯನ್ನು ಮಾರಿಸಿ, ಮರುವರ್ಷ ತಾವೇ ಹೋಗಿ, ಕೂತು, ತಳ್ಳಿ, ಸ್ಟ್ಯಾಂಡು ಹಾಕಿ ನೋಡಿ ಚಿಕ್ಕದೊಂದನ್ನು ತಂದರು. ನೋಂದಣಿ ಅವರ ಹೆಸರಿನಲ್ಲೇ ಇದೆ. ಈಗ ಬ್ಯಾಂಕು, ಆಸ್ಪತ್ರೆ, ಸಂತೆ, ತವರುಮನೆ ಯಾವುದಕ್ಕೂ ನನ್ನ ಜೀಪಿನ ದಾರಿ ಕಾಯುವುದಿಲ್ಲ. ಉಣುಗೋಲಿನ ತಿರುವಿನ ಪಾಚಿಯನ್ನು ಮಾತ್ರ ಪ್ರತಿ ಜೂನ್‌ನಲ್ಲಿ ನಾನೇ ಕೆರೆಯುತ್ತೇನೆ.

ಸಾಲದ ಕಾಗದವನ್ನಾಗಲಿ ವಿಮೆಯ ಪತ್ರವನ್ನಾಗಲಿ ಓದಿ ಹೇಳಬೇಕಿದ್ದವರು ಸಂತೆಯ ದಿನ ಕಚೇರಿಗೆ ತನ್ನಿ. ಆದರೆ ಸಹಿ ಹಾಕುವ ಮೊದಲು ತನ್ನಿ.

ಇತಿ ನಿಮ್ಮ
ಕಾರ್ಯದರ್ಶಿ